ಮಣ್ಣಾಗದ ಸಕ್ಕರೆ

ಈಗಲೂ ಯಾರಾದರೂ ನನ್ನನ್ನು ಕೇಳುತ್ತಾರೆ: "ಗಾಮಾ ಕಿರಣ ಹೊಡೆಸಿದ ಗಿಡಮೂಲಿಕೆಯಲ್ಲಿ ಗುಣ ಉಳಿಯೋದಿಲ್ಲವಂತೆ, ಹೌದಾ?" ಚಳ್ಳಕೆರೆಯ ಗಿಡಮೂಲಿಕೆ ಗೋದಾಮಿನಲ್ಲಿ ವರ್ಷಗಟ್ಟಲೆ ದುಡಿದವಳು, ಇವಳಿಗೆ ಗೊತ್ತಿರುತ್ತದೆ ಎಂಬ ನಂಬಿಕೆ ಅವರಿಗೆ. ನನಗೆ ಮೈಯೆಲ್ಲ ಉರಿದುಹೋಗುತ್ತದೆ. "ಕಿರಣಾನ ಯಾಕೆ ಬಯ್ತೀರಿ? ಅದೇನು ಮಾಡೈತೆ ಪಾಪ" ಎಂದು ಮುಖಕ್ಕೆ ಹೊಡೆದಂತೆ ಹೇಳಿ ಎದ್ದು ಹೋಗುತ್ತೇನೆ. ಕೇಳಿದವರು ನನ್ನನ್ನು ಜಂಬದವಳು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ನನ್ನ ಅವ್ವನ ವಿಷಯ ಹೇಳಬೇಕು. ಅವ್ವನ ವಿಷಯ ಹೇಳಿದರೆ ನಾನು ಮಾಡಿದ್ದನ್ನೂ ಹೇಳಬೇಕು.

ನಮ್ಮೂರು ಮೊಳಕಾಲ್ಮೂರು ಕಡೆ, ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಹತ್ತಿರ. ಮನೆಯೊಳಗೆ ಕನ್ನಡ, ಬಾವಿಕಟ್ಟೆಯಲ್ಲಿ ತೆಲುಗು. ಬೆಟ್ಟದ ಬದಿಯ ಮುಳ್ಳುಪೊದೆಗಳ ಮೇಲೆ ಒಂದು ಬಳ್ಳಿ ಹಬ್ಬುತ್ತದೆ. ಔಷಧಿ ಡಬ್ಬದ ಮೇಲೆ ಅದರ ಹೆಸರು ಮಧುನಾಶಿನಿ, ನಮ್ಮ ಕಡೆಯವರಿಗೆ ಪೊಡಪತ್ರಿ. ನೋಡಲು ಏನೂ ವಿಶೇಷವಿಲ್ಲ. ಅದರಂತೆಯೇ ಕಾಣುವ ಬೇರೆ ಬಳ್ಳಿಗಳೂ ಅದೇ ಪೊದೆಯನ್ನು ಸುತ್ತಿಕೊಂಡಿರುತ್ತವೆ. ಅವ್ವ ಎಲೆಯ ಬೆನ್ನಿಗೆ ಹೆಬ್ಬೆರಳು ಸವರಿ, ನವಿರಾದ ರೋಮ ತಗುಲಿದರೆ ಮಾತ್ರ ಕೀಳುತ್ತಿದ್ದಳು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ನಾನು ಬೆಳೆದದ್ದು ಆ ಎಲೆಯಿಂದಲೇ.

ಕಿತ್ತ ಎಲೆಯನ್ನು ಅವ್ವ ಪಡಸಾಲೆಯ ನುಲಿಮಂಚದ ಮೇಲೆ ಹರವುತ್ತಿದ್ದಳು. ಅಲ್ಲಿಗೆ ಗಾಳಿ ಬರಬೇಕು, ಬಿಸಿಲು ಬರಕೂಡದು. ಹೊತ್ತು ಸರಿದು ಒಂದು ಕೋಲಿನಷ್ಟು ಬಿಸಿಲು ಒಳಗೆ ಬಂದರೂ ಎದ್ದು ಹೋಗಿ ಚಾಪೆ ಅಡ್ಡ ಕಟ್ಟುವಳು. "ನೆರಳಾಗೆ ಒಣಗಿದ್ದಕ್ಕೆ ಜೀವ ಇರ್ತೈತೆ" ಎನ್ನುವಳು. ಎಲೆ ಒಣಗಿ ಗಲಗಲ ಸದ್ದು ಮಾಡುವವರೆಗೂ ಅದನ್ನು ಯಾರಿಗೂ ಕೊಡುತ್ತಿರಲಿಲ್ಲ.

ಕೊಡುವಾಗ ಒಂದು ಪದ್ಧತಿ ಇತ್ತು. ಪೊಡಪತ್ರಿ ಎಲೆಯನ್ನು ಚೆನ್ನಾಗಿ ಅಗಿದು ನಾಲಿಗೆಗೆಲ್ಲ ಸವರಿಕೊಂಡ ಮೇಲೆ ಸಕ್ಕರೆ ಹಾಕಿಕೊಂಡರೆ ಸಿಹಿ ಗೊತ್ತಾಗುವುದಿಲ್ಲ, ಬಾಯಲ್ಲಿ ಮರಳು ಹಾಕಿಕೊಂಡಂತೆ ಇರುತ್ತದೆ. ಒಂದು ಗಳಿಗೆ ಅಷ್ಟೇ, ಆಮೇಲೆ ನಾಲಿಗೆ ಸರಿಹೋಗುತ್ತದೆ. ಸಕ್ಕರೆ ಕಾಯಿಲೆಯವರು ಮನೆಗೆ ಬಂದರೆ ಅವ್ವ ಮೊದಲು ಒಂದು ಎಲೆ ಅಗಿಸುವಳು, ಆಮೇಲೆ ಚಿಟಿಕೆ ಸಕ್ಕರೆ ಕೊಡುವಳು. "ಹೆಂಗೈತೆ?" "ಮಣ್ಣು ತಿಂದಂಗೆ ಐತೆ ಕಣಮ್ಮ." "ಹಂಗಾದ್ರೆ ತಗೊಂಡ್ಹೋಗು. ಡಾಕ್ಟ್ರ ಮಾತ್ರೆ ಬಿಟ್ಟೀಯಾ ಮತ್ತೆ, ಇದು ಅದರ ಜೊತೀಗೆ." ಇನ್ನೊಂದು ನಿಯಮವೂ ಇತ್ತು. ಸಕ್ಕರೆ ಮಣ್ಣಾಯಿತು ಎಂದು ಹೇಳಬೇಕಾದವರು ಎಲೆ ತೆಗೆದುಕೊಳ್ಳುವವರು, ಕೊಡುವವರಲ್ಲ. ಕೊಡುವವಳಾಗಲಿ ಅವಳ ಮನೆಯವರಾಗಲಿ ಹೇಳಿದರೆ ಅದಕ್ಕೆ ಬೆಲೆಯಿಲ್ಲ. ಚಿಕ್ಕವಳಿದ್ದಾಗ ನಾನು ನಡುವೆ ಬಾಯಿ ಹಾಕಿ, "ನಾನು ತಿಂದು ನೋಡೀನಿ, ಮಣ್ಣೇ" ಎಂದರೆ ತಲೆಗೆ ಮೊಟಕುವಳು. "ನೀನು ಮನೇವಳು, ಬಾಯಿ ಮುಚ್ಚು."

ಅವ್ವನಿಗೆ ಹೊಲವಿರಲಿಲ್ಲ, ಮೈಮೇಲೆ ಒಡವೆಯಿರಲಿಲ್ಲ. ಅವಳ ಎಲೆಯನ್ನು ಯಾರೂ ಅನುಮಾನಿಸುತ್ತಿರಲಿಲ್ಲ, ಅವಳಿಗಿದ್ದದ್ದು ಅದೊಂದೇ. ಅದನ್ನು ಕಳೆದವಳು ನಾನು.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಚಳ್ಳಕೆರೆಗೆ ಬಂದು ಶೇಂಗಾ ಸಿಪ್ಪೆ ಬಿಡಿಸುವ ಮಿಲ್ಲಿಗೆ ಸೇರಿದೆ. ಬಾಡಿಗೆ ಕೋಣೆ, ಮೂಗಿನ ತುಂಬ ಶೇಂಗಾ ಧೂಳು. ಅಲ್ಲಿ ಕಲಿತ ಮೊದಲ ಪಾಠವೇ ನೀರು ಚಿಮುಕಿಸುವುದು. ತೀರಾ ಒಣಗಿದ ಕಾಯಿಯನ್ನು ಹಾಗೇ ಮಿಷನ್ನಿಗೆ ಹಾಕಿದರೆ ಬೀಜ ಒಡೆದು ಹೋಳಾಗುತ್ತದೆ. ಅದಕ್ಕೆ ಸಂಜೆಯೇ ರಾಶಿಯ ಮೇಲೆ ಹದವಾಗಿ ನೀರು ಎರಚಿ, ಗೋಣಿತಾಟು ಮುಚ್ಚಿ ಬಿಡಬೇಕು. ಬೆಳಿಗ್ಗೆ ಹೊತ್ತಿಗೆ ಕಾಯಿ ಮೆತ್ತಗಾಗಿ ಬೀಜ ಇಡಿಯಾಗಿ ಬರುತ್ತದೆ. ಎಷ್ಟು ನೀರು, ಯಾವ ರಾಶಿಗೆ ಎಂಬುದು ಕೈಗೇ ಗೊತ್ತಾಗಬೇಕು. ನನ್ನ ಕೈ ಹದ ಚೆನ್ನಾಗಿತ್ತು. ಮಿಲ್ಲಿನ ಸಾವ್ಕಾರರು, ಹಣೆ ತುಂಬ ವಿಭೂತಿ ಹಚ್ಚುತ್ತಿದ್ದ ನಿಧಾನದ ಮನುಷ್ಯ, "ಈ ಹುಡುಗಿ ಚಿಮುಕಿಸಿದ್ರೆ ಬೀಜ ಮುತ್ತಿನಂಗೆ ಬೀಳ್ತವೆ" ಎಂದು ಬಂದವರೆದುರೆಲ್ಲ ಹೊಗಳುತ್ತಿದ್ದರು. ಆ ಹೊಗಳಿಕೆಗೆ ನಾನು ಉಬ್ಬಿ ಹೋಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಶೇಂಗಾ ವ್ಯಾಪಾರ ತಣ್ಣಗಾಯಿತು. ಸಾವ್ಕಾರರು ಮಿಷನ್ನು ಮಾರಿ, ಅದೇ ಗೋದಾಮಿನಲ್ಲಿ ಗಿಡಮೂಲಿಕೆ ಕೂಡಿಡಲು ಶುರುಮಾಡಿದರು. ನೆಲನೆಲ್ಲಿ, ಅಮೃತಬಳ್ಳಿ, ಸೊಗದೆ ಬೇರು, ಪೊಡಪತ್ರಿ. ನನ್ನನ್ನು ಎಲೆ ಆರಿಸುವ ಹೆಂಗಸರ ಮೇಲೆ ಮೇಸ್ತ್ರಿ ಮಾಡಿದರು. ಪೊಡಪತ್ರಿ ಎಲ್ಲಿ ಸಿಗುತ್ತದೆ ಎಂದು ಅವರು ವಿಚಾರಿಸಿದಾಗ ಅವ್ವನನ್ನು ಕರೆತಂದವಳೂ ನಾನೇ. ಅವ್ವ ಮೊದಲ ಸಲ ಎರಡು ಚೀಲ ಹೊತ್ತು ಬಸ್ಸಿಳಿದು ಬಂದಳು. ಚೀಲ ಇಳಿಸಿದವಳೇ ಸೆರಗಿನ ಗಂಟು ಬಿಚ್ಚಿ ಸಕ್ಕರೆ ಪೊಟ್ಟಣ ತೆಗೆದಳು. "ನೀವು ಅಗೀರಿ ಸಾವ್ಕಾರ್ರೇ. ನಾನು ಹೇಳಿದ್ರೆ ನಡೆಯಲ್ಲ." ಸಾವ್ಕಾರರು ನಗುತ್ತ ಅಗಿದರು, ಸಕ್ಕರೆ ಬಾಯಿಗೆ ಹಾಕಿಕೊಂಡರು, ಮುಖ ಕಿವುಚಿದರು. "ಅಬ್ಬಾ! ಥೂ! ಮಣ್ಣೇ ಕಣಮ್ಮ ಇದು!" ಗೋದಾಮಿನ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅವ್ವನ ಮುಖ ನೋಡಬೇಕಿತ್ತು ಅವತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾದ ಮೇಲೆ ದೊಡ್ಡ ಊರಿನ ಕಂಪನಿಯೊಂದು ನಮ್ಮ ಎಲೆ ಕೊಳ್ಳತೊಡಗಿತು. ಮಳೆಗಾಲದ ಒಂದು ಲೋಡಿನಲ್ಲಿ ಹುಳ ಸಿಕ್ಕಿದವು. ಇನ್ನು ಮುಂದೆ ಎಲೆಯನ್ನು ಡಬ್ಬದಲ್ಲಿ ತುಂಬಿ, ಮುಚ್ಚಿ, ಗಾಮಾ ಕಿರಣ ಹೊಡೆಸಿಯೇ ಕಳಿಸಬೇಕು ಎಂದು ಅವರು ಪಟ್ಟು ಹಿಡಿದರು. ಕಿರಣದ ಘಟಕ ದೂರದ ಊರಿನಲ್ಲಿತ್ತು. ಸಾವ್ಕಾರರು ಹೋಗಿ ನೋಡಿ ಬಂದು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು.

"ಆಸ್ಪತ್ರೆ ಸಿರಿಂಜಿಗೂ ಇದನ್ನೇ ಹೊಡಿತಾರೆ. ಡಬ್ಬ ಬಿಚ್ಚೋದೇ ಬ್ಯಾಡ, ಹೊರಗಿಂದ್ಲೇ ಒಳಗೆ ಹೋಗ್ತೈತೆ. ಹುಳ, ಮೊಟ್ಟೆ, ಬೂಷ್ಟು, ಎಲ್ಲಾ ಸತ್ತೋಗ್ತವೆ."

"ಒಳಗೆ ಹೋಗಿದ್ದು ಹೊರಗೆ ಬರ್ತೈತೋ, ಅಲ್ಲೇ ಕುಂತಿರ್ತೈತೋ?" ಎಂದಳು ಆರಿಸುವವಳೊಬ್ಬಳು. ಅವಳಿಗೆ ಆಗ ಏಳು ತಿಂಗಳು.

"ಬಲ್ಬ್ ಆರಿಸಿದ ಮೇಲೆ ಬೆಳಕು ಕೋಣೆಯಾಗೆ ಕುಂತಿರ್ತೈತೇನವ್ವ? ಹಂಗೇ ಇದೂ."

ಅಷ್ಟು ಹೇಳಿದರೂ ಆ ಬಸುರಿ ಹೆರಿಗೆಯಾಗುವವರೆಗೆ ಕಿರಣದ ಡಬ್ಬಗಳ ಹತ್ತಿರ ಸುಳಿಯಲಿಲ್ಲ. ಡಬ್ಬದ ಮೇಲೆ ಒಂದು ಹಳದಿ ಚೀಟಿ ಅಂಟಿಸಿ ಕಳಿಸುತ್ತಿದ್ದೆವು, ಕಿರಣ ತಾಗಿದ ಮೇಲೆ ಅದು ಕೆಂಪಾಗಿ ಬರುತ್ತಿತ್ತು. ಅವ್ವನಿಗೆ ಒಂದು ಕೆಂಪು ಚೀಟಿ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿದಳು.

"ಇದೂ ಬಿಸಿಲೇನಾ?"

"ಅಲ್ಲವ್ವ, ಬಿಸಿ ಇರಲ್ಲಂತೆ."

"ಹಂಗಾದ್ರೆ ಹೊಡೀಲಿ ಬಿಡು. ನನ್ನ ಎಲೆ ಗರಿಗರಿ ಒಣಗೈತೆ. ಏನು ಬಂದ್ರೂ ತಡಕೊಂತೈತೆ."

ತಡೆದುಕೊಂಡಿತು ಕೂಡ. ಮೊದಲ ಸಲ ಕಿರಣ ಹೊಡೆಸಿ ತಂದ ಡಬ್ಬವನ್ನು ಸಾವ್ಕಾರರೇ ಬಿಚ್ಚಿ ಎಲೆ ಅಗಿದು ನೋಡಿದರು. ಸಕ್ಕರೆ ಮಣ್ಣೇ ಆಯಿತು. ಒಂದು ವರ್ಷ ಹೀಗೇ ನಡೆಯಿತು, ಕಂಪನಿಯವರು ಕಮಕ್ ಕಿಮಕ್ ಅನ್ನಲಿಲ್ಲ. ಕಿರಣದ ಮೇಲೆ ಎಲ್ಲರಿಗೂ ನಂಬಿಕೆ ಕೂತಿತು. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂದರೆ, ಮುಂದೆ ತಪ್ಪು ಯಾರ ತಲೆಗೆ ಬಂತು ಎನ್ನುವುದಕ್ಕೆ ಈ ನಂಬಿಕೆಯೇ ಕಾರಣವಾಯಿತು.

ಮುಂದಿನ ಬೇಸಿಗೆಯಲ್ಲಿ ಒಣಗಾಳಿ ಬೀಸಿತು. ಚಳ್ಳಕೆರೆಯ ಬೇಸಿಗೆ ಗಾಳಿ ಗೊತ್ತಿದ್ದವರಿಗೆ ಗೊತ್ತು, ತುಟಿ ಒಡೆದು ರಕ್ತ ಬರುತ್ತದೆ. ಅವ್ವನ ಎಲೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಕಂಪನಿಯಿಂದ ದೂರು ಬಂತು: ಎಲೆ ಇಡಿಯಾಗಿರಬೇಕು, ಪುಡಿ ಇದ್ದರೆ ಏನು ಬೆರೆತಿದೆಯೋ ಗೊತ್ತಾಗುವುದಿಲ್ಲ. ಸಾವ್ಕಾರರು ತಲೆ ಮೇಲೆ ಕೈ ಹೊತ್ತು ಕೂತರು. ನಾನು, "ನೀವು ಚಿಂತೆ ಬಿಡ್ರಿ, ನಾನೈದೀನಿ" ಎಂದೆ. ಏನು ಮಾಡುತ್ತೀ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಏನು ಮಾಡಿದೆ ಎಂದರೆ, ಶೇಂಗಾಕ್ಕೆ ಮಾಡಿದ್ದನ್ನೇ. ಸಂಜೆ ಎಲೆಯನ್ನು ನೆಲಕ್ಕೆ ಹರವಿ, ಚೊಂಬಿನಿಂದ ಅಂಗೈಗೆ ನೀರು ಸುರಿದುಕೊಂಡು, ಹದವಾಗಿ ಚಿಮುಕಿಸಿ, ಗೋಣಿತಾಟು ಮುಚ್ಚಿದೆ. ಇಬ್ಬರು ಹೆಂಗಸರು ನನ್ನ ಜೊತೆಗಿದ್ದರು. ಬೆಳಿಗ್ಗೆ ನೋಡಿದರೆ ಎಲೆ ರೇಷ್ಮೆ ಬಟ್ಟೆಯಷ್ಟು ಮೆತ್ತಗೆ. ಒಂದೂ ಮುರಿಯದಂತೆ ಪ್ಲಾಸ್ಟಿಕ್ಕಿನಲ್ಲಿ ತುಂಬಿ, ಬಾಯಿ ಬೆಸೆದು, ಡಬ್ಬಕ್ಕಿಟ್ಟೆವು. ಸಾವ್ಕಾರರು ಕಣ್ಣರಳಿಸಿದರು. "ಭೇಷ್! ಮೇಸ್ತ್ರಿ ಅಂದ್ರೆ ಹಿಂಗಿರಬೇಕು." ಅವ್ವ ದಿನಗಟ್ಟಲೆ ನೆರಳು ಕಾದು ತೆಗೆದ ನೀರನ್ನು ನಾನು ಒಂದೇ ಸಂಜೆಯಲ್ಲಿ ವಾಪಸ್ ತುಂಬಿದ್ದೆ. ಆ ಯೋಚನೆ ನನಗೆ ಬರಲಿಲ್ಲ. ಹನ್ನೆರಡು ವರ್ಷ ಶೇಂಗಾ ನೋಡಿದ ಕೈಗೆ ಒಣಗಿದ್ದು ಕಂಡರೆ ನೀರು ನೆನಪಾಗುತ್ತದೆ, ಅಷ್ಟೇ.

ಕಿರಣದ ಘಟಕದಲ್ಲಿ ಸರದಿ ಉದ್ದವಿತ್ತು. ಡಬ್ಬಗಳು ಅಲ್ಲಿನ ಶೆಕೆಯಲ್ಲಿ ಮೂರು ವಾರ ಕಾದವು. ಆಮೇಲೆ ಕಿರಣ ತಾಗಿ, ಚೀಟಿ ಕೆಂಪಾಗಿ, ಕಂಪನಿಗೆ ಹೋದವು. ಅಲ್ಲಿಂದ ನೇರ ನಮ್ಮ ಗೋದಾಮಿಗೆ ವಾಪಸ್ ಬಂದವು. ಜೊತೆಗೊಂದು ಕಾಗದ: ಹುಳವಿಲ್ಲ, ಬೂಷ್ಟಿಲ್ಲ, ಆದರೆ ಮಧುನಾಶಿನಿಯಲ್ಲಿ ಇರಬೇಕಾದ ಸತ್ವ ಇಲ್ಲ, ಬೇರೆ ಎಲೆ ಬೆರೆಸಿರುವ ಅನುಮಾನವಿದೆ.

ನಾನು ಒಂದು ಡಬ್ಬ ಬಿಚ್ಚಿ ಮೂಗಿನ ಹತ್ತಿರ ಹಿಡಿದೆ. ಹಸಿ ಗೋಣಿಚೀಲದ ವಾಸನೆ ಸಣ್ಣಗೆ ಬಂತು. ಏನಾಗಿದೆ ಎಂದು ಪೂರಾ ತಿಳಿಯಲಿಲ್ಲ, ಆದರೆ ನನ್ನಿಂದಲೇ ಆಗಿದೆ ಎಂದು ತಿಳಿಯಿತು. ಸಾವ್ಕಾರರ ಲೆಕ್ಕಾಚಾರವೇ ಬೇರೆ ಇತ್ತು. ಕಿರಣ ವರ್ಷದಿಂದ ಅದೇ, ಡಬ್ಬ ಅದೇ, ತುಂಬುವ ಕೈ ಅದೇ. ಬದಲಾಗಿರಬೇಕಾದದ್ದು ಎಲೆ ಕಿತ್ತವಳು.

ಅವ್ವ ಆ ವಾರ ಎಂದಿನಂತೆ ಎರಡು ಚೀಲ ತಂದಳು. ಸೆರಗಿನ ಗಂಟಿಗೆ ಕೈ ಹಾಕಿದಳು. ಸಾವ್ಕಾರರು, "ಸಕ್ಕರೆ ಇವತ್ತು ನಾನು ಕೊಡ್ತೀನಿ, ಕುಂತ್ಕಾ" ಎಂದರು. ಮಾರುಕಟ್ಟೆಯ ಇಬ್ಬರು ವ್ಯಾಪಾರಿಗಳೂ ಅಲ್ಲೇ ಕೂತಿದ್ದರು, ಹೆಂಗಸರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ವಾಪಸ್ ಬಂದ ಡಬ್ಬದ ಎಲೆಯನ್ನು ಸಾವ್ಕಾರರು ಅಗಿದರು, ಸಕ್ಕರೆ ಹಾಕಿಕೊಂಡರು. "ಸಿಹಿ." ವ್ಯಾಪಾರಿಗಳಿಗೆ ಕೊಟ್ಟರು. ಅವರೂ "ಸಿಹಿ" ಎಂದರು.

"ನನಗೂ ಕೊಡ್ರಿ" ಎಂದಳು ಅವ್ವ.

ಅಗಿದಳು. ಕಣ್ಣು ಮುಚ್ಚಿಕೊಂಡು ಎಷ್ಟೋ ಹೊತ್ತು ಅಗಿದಳು. ಸಕ್ಕರೆ ನಾಲಿಗೆಗಿಟ್ಟುಕೊಂಡಳು. ಮಣ್ಣು ಎಂದು ಸುಳ್ಳು ಹೇಳಬಹುದಿತ್ತು. "ಸಿಹಿ ಐತೆ" ಎಂದಳು.

"ಇದು ನನ್ನ ಎಲೆ ಆಗಿರಲ್ಲ ಸಾವ್ಕಾರ್ರೇ."

"ನಿನ್ನ ಚೀಲದಿಂದ ನಿನ್ನ ಮಗಳೇ ತುಂಬ್ಯಾಳೆ. ನನ್ನ ಮೇಲೆ ನಂಬಿಕೆ ಇಲ್ದಿದ್ರೆ ಅವಳನ್ನೇ ಕೇಳು."

ಅವ್ವ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಭಯವೂ ಇರಲಿಲ್ಲ, ಮಗಳು ಇದ್ದಾಳಲ್ಲ ಎಂಬ ಧೈರ್ಯವಿತ್ತು. "ಹೆಂಗೆ ತುಂಬಿದ್ಯವ್ವ? ಏನಾತು ಹೇಳು."

ನನ್ನ ಬೆನ್ನ ಹಿಂದೆ ಗೋಡೆಗೂಡಿನಲ್ಲಿ ಆ ಚೊಂಬು ಇತ್ತು. ಜೊತೆಗೆ ನೀರು ಚಿಮುಕಿಸಿದ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಮೇಸ್ತ್ರಿ ಎನಿಸಿಕೊಳ್ಳಲು ಎಷ್ಟು ವರ್ಷ ಧೂಳು ತಿಂದಿದ್ದೆ, ಭೇಷ್ ಎಂದ ಬಾಯಿಂದಲೇ ಬೈಗುಳ ಕೇಳಬೇಕಲ್ಲ, ಇದೇ ನನ್ನ ತಲೆಯಲ್ಲಿದ್ದದ್ದು. ಬೇರೆ ಏನೂ ಇರಲಿಲ್ಲ.

"ನೀನು ಕೊಟ್ಟಂಗೇ ತುಂಬೀನಿ" ಎಂದೆ.

ಅವ್ವ ಸೆರಗಿನ ಸಕ್ಕರೆ ಗಂಟನ್ನು ಬಿಚ್ಚದೆ ಹಾಗೇ ಬಿಗಿದುಕೊಂಡಳು. ತಂದ ಚೀಲಗಳನ್ನು ತಾನೇ ಎತ್ತಿ ಹೊತ್ತುಕೊಂಡಳು. ಸಾವ್ಕಾರರು ಜೋರು ಮಾಡಲಿಲ್ಲ, ಬೈಯಲಿಲ್ಲ, "ವಯಸ್ಸಾತು ಕಣಮ್ಮ ನಿನಗೆ, ಕಣ್ಣು ತಪ್ಪಿರಬೇಕು" ಎಂದರು, ಅವರ ಮಟ್ಟಿಗೆ ಅದು ದಯೆ. ಬಸ್‌ಸ್ಟ್ಯಾಂಡಿನವರೆಗೆ ಹಿಂದೆ ಹೋಗುವ ಯೋಗ್ಯತೆಯೂ ನನಗಿರಲಿಲ್ಲ.

ಸುಮಾರು ಎರಡು ತಿಂಗಳ ಮೇಲೆ ಕಂಪನಿಯ ಪ್ರಯೋಗಾಲಯದಿಂದ ಒಬ್ಬ ಹುಡುಗಿ ಬಂದಳು, ಗೋದಾಮು ಪರೀಕ್ಷೆ ಮಾಡಲು. ಮೆತ್ತಗಿನ ಹುಡುಗಿ, ಎಲ್ಲರನ್ನೂ ಅಕ್ಕ ಎನ್ನುವಳು. ಊಟದ ಹೊತ್ತಿನಲ್ಲಿ ನಾನೇ ಕೇಳಿದೆ, ಕಿರಣ ಹೊಡೆದರೆ ಎಲೆಯ ಗುಣ ಸಾಯುತ್ತದಾ ಎಂದು.

"ಎಲ್ಲಾ ಗಿಡಕ್ಕೂ ಒಂದೇ ಉತ್ತರ ಇಲ್ಲ ಅಕ್ಕ" ಎಂದಳು. "ಘಮದ ಎಣ್ಣೆ ಇರೋದ್ರಲ್ಲಿ ಸ್ವಲ್ಪ ಕಡಿಮೆ ಆಗಬಹುದು. ಕೆಲವದರಲ್ಲಿ ಸಾರ ಇನ್ನೂ ಸುಲಭವಾಗಿ ಬಿಡುತ್ತೆ. ಚೆನ್ನಾಗಿ ಒಣಗಿದ ಎಲೆಗೆ ಅಳತೆ ಮೀರದೆ ಕೊಟ್ಟರೆ ಸಾಮಾನ್ಯವಾಗಿ ದೊಡ್ಡ ನಷ್ಟ ಆಗಲ್ಲ. ನೀರಿದ್ದರೆ ಮಾತ್ರ ಕಷ್ಟ. ಕಿರಣ ನೀರನ್ನ ಒಡೆಯುತ್ತೆ, ಒಡೆದ ಚೂರುಗಳು ಎಲೆಯ ಸತ್ವದ ಮೇಲೆ ಬೀಳ್ತವೆ. ಅದಕ್ಕೂ ಮೊದಲು, ಒದ್ದೆ ಎಲೆ ಮುಚ್ಚಿದ ಡಬ್ಬದಲ್ಲಿ ವಾರಗಟ್ಟಲೆ ಬೆವೆತರೆ ಬೂಷ್ಟೇ ಅರ್ಧ ತಿಂದು ಹಾಕುತ್ತೆ."

"ಆದ್ರೆ ಬೂಷ್ಟು ಇರಲಿಲ್ಲವಂತಲ್ಲ, ಕಾಗದದಾಗೆ ಬರೆದಿದ್ರಿ."

"ಕಿರಣ ಬೂಷ್ಟನ್ನ ಕೊಂದಿರುತ್ತೆ ಅಕ್ಕ, ಪರೀಕ್ಷೆಯಲ್ಲಿ ಬೆಳೆಯಲ್ಲ. ಅದು ತಿಂದಿದ್ದನ್ನ ವಾಪಸ್ ತರಲ್ಲ ಅಷ್ಟೇ." ಅನ್ನ ಕಲೆಸುತ್ತ ತಲೆಯೆತ್ತಿದಳು. "ಯಾಕಕ್ಕ? ಎಲೆಗೆ ನೀರೇನಾದ್ರೂ ಸೋಕಿತ್ತಾ?"

"ಇಲ್ಲ ಮೇಡಂ. ನಮ್ಮ ಕಡೆ ಎಲೆಗೆ ಹಾಕೋಕೆ ನೀರೆಲ್ಲಿಂದ ಬರಬೇಕು?" ಎಂದು ನಕ್ಕೆ. ಅವಳೂ ನಕ್ಕಳು. ಹೀಗೆ ಎರಡನೇ ಸಲವೂ ಬಾಗಿಲು ತೆರೆದಿತ್ತು, ನಾನೇ ಕೈಯಾರೆ ಮುಚ್ಚಿದೆ.

ಚಳ್ಳಕೆರೆಯ ಸುದ್ದಿ ಮೊಳಕಾಲ್ಮೂರಿಗೆ ಹೋಗಲು ಎಷ್ಟು ಹೊತ್ತು? ಅದೇ ಬಸ್ಸು, ಅದೇ ಜನ. "ಆಯಮ್ಮ ಏನೇನೋ ಬೆರೆಸ್ತಿದ್ದಳಂತೆ" ಎಂದರು. ಮನೆಗೆ ಎಲೆಗೆ ಬರುವವರು ಕಡಿಮೆಯಾದರು, ಆಮೇಲೆ ಬರುವುದನ್ನೇ ಬಿಟ್ಟರು. ಇನ್ನು ಕೆಲವರು ಕಿರಣ ಹೊಡೆಸಿದ್ದರಿಂದ ಬೆಟ್ಟದ ಬಳ್ಳಿಗೇ ಶಾಪ ತಟ್ಟಿದೆ ಎಂದು ಹಬ್ಬಿಸಿದರು. ಮುಟ್ಠಾಳರು! ಕಿರಣ ನಮ್ಮೂರಿನ ದಾರಿಯನ್ನೇ ಕಂಡಿರಲಿಲ್ಲ.

ಅದೆಲ್ಲ ಹಾಳಾಗಿ ಹೋಗಲಿ. ಅವ್ವನೇ ತನ್ನ ಎಲೆ ತಪ್ಪಿತೆಂದು ನಂಬಿದಳಲ್ಲ, ಅದನ್ನು ನಾನು ಹೇಗೆ ತಾಳಲಿ? ಮಗಳು ಸುಳ್ಳು ಹೇಳುವುದಿಲ್ಲ, ತನ್ನ ನಾಲಿಗೆಯೂ ಸುಳ್ಳು ಹೇಳಲಿಲ್ಲ, ಅಂದ ಮೇಲೆ ತಪ್ಪಿದ್ದು ತನ್ನ ಕಣ್ಣು. ಅವಳ ತರ್ಕ ಇಷ್ಟೇ. ನಾನು ಊರಿಗೆ ಹೋದಾಗ ಅಂಗಳದಲ್ಲಿ ಎರಡು ಎಲೆ ಹಿಡಿದು ಕೂತಿದ್ದಳು. "ನೋಡವ್ವ, ಇವೆರಡೂ ಒಂದೇನಾ? ಹೆಬ್ಬೆರಳಿಗೆ ರೋಮ ತಗುಲ್ತೈತೆ ಅನ್ಸುತ್ತೆ, ತಗುಲಲ್ಲ ಅನ್ಸುತ್ತೆ." ನಲವತ್ತು ವರ್ಷ ಕತ್ತಲಲ್ಲೂ ಗುರುತಿಸುತ್ತಿದ್ದ ಬೆರಳು. ಅಗಿದು ನೋಡಿದರೆ ತಿಳಿಯುತ್ತಿತ್ತು, ಆದರೆ ತನ್ನ ಪರವಾಗಿ ತನ್ನ ನಾಲಿಗೆಯೇ ಹೇಳಿದ್ದಕ್ಕೆ ಅವಳ ಲೆಕ್ಕದಲ್ಲಿ ಬೆಲೆಯಿರಲಿಲ್ಲ. "ಅದೇ ಅವ್ವ, ಒಂದೇ" ಎಂದೆ. ಬೇರೇನೂ ಹೇಳದೆ ಮಾರನೆಯ ದಿನದ ಬಸ್ಸಿಗೆ ವಾಪಸ್ ಬಂದೆ. ಆಮೇಲೆ ಅವಳು ಬೆಟ್ಟಕ್ಕೆ ಹೋಗುವುದನ್ನು ಬಿಟ್ಟಳು. ನುಲಿಮಂಚದ ಮೇಲೆ ಬಟ್ಟೆ ಒಗೆದು ಹಾಕತೊಡಗಿದಳು, ಬಿಸಿಲು ಬಂದರೂ ಚಾಪೆ ಕಟ್ಟಲಿಲ್ಲ.

ನಾಲ್ಕು ವರ್ಷವಾದ ಮೇಲೆ ಸಾವ್ಕಾರರು ವ್ಯಾಪಾರ ಮುಚ್ಚಿದರು. ನನಗೆ ಇನ್ನು ಮೇಸ್ತ್ರಿತನವಿಲ್ಲ, ಕಳೆದುಕೊಳ್ಳಲು ಏನೂ ಇಲ್ಲ. ಆಗ ಧೈರ್ಯ ಬಂತು, ನಾಚಿಕೆಗೇಡಿ ಧೈರ್ಯ. ಊರಿಗೆ ಹೋದವಳು ಮೊದಲು ಬೆಟ್ಟದ ಬದಿಗೆ ಹೋಗಿ ಅವ್ವ ಕೀಳುತ್ತಿದ್ದ ಅದೇ ಪೊದೆಯಿಂದ ಒಂದು ಹಿಡಿ ಪೊಡಪತ್ರಿ ತಂದೆ. ಅವ್ವನ ಎದುರು ಕೂತು ಎಲ್ಲ ಹೇಳಿದೆ. ಚೊಂಬು, ಗೋಣಿತಾಟು, ಮೂರು ವಾರದ ಶೆಕೆ, ಆ ಹುಡುಗಿ ಹೇಳಿದ್ದು, ನಾನು ನಕ್ಕದ್ದು. ಅಳುತ್ತಲೇ ಹೇಳಿದೆ. ಅವ್ವ ಪೂರಾ ಕೇಳಿ, ನನ್ನ ಕಣ್ಣು ಒರೆಸಿದಳು.

"ನನ್ನ ಸಮಾಧಾನಕ್ಕೆ ಎಷ್ಟು ದೊಡ್ಡ ಸುಳ್ಳು ಕಟ್ಟೀಯೇ! ಎಲೆಗೆ ನೀರು ಹಾಕ್ತಾರಾ ಯಾರಾದ್ರೂ? ಅದೂ ನನ್ನ ಹೊಟ್ಟೆಯಾಗೆ ಹುಟ್ಟಿದವಳು?"

"ಅಯ್ಯೋ ಅವ್ವ, ದೇವರಾಣೆಗೂ ನಿಜ. ನಿನ್ನ ಕಣ್ಣು ತಪ್ಪಿಲ್ಲ. ಇಲ್ಲಿ ನೋಡು, ನಿನ್ನ ಬಳ್ಳಿಯದೇ ಎಲೆ." ಎಲೆ ಬಾಯಿಗೆ ತುರುಕಿಕೊಂಡು ಅಗಿದೆ. ಒಳಗೆ ಓಡಿ ಡಬ್ಬದಿಂದ ಸಕ್ಕರೆ ತಂದು ಅವಳ ಕಣ್ಣೆದುರೇ ನಾಲಿಗೆಗೆ ಸುರಿದುಕೊಂಡೆ. ಬಾಯ್ತುಂಬ ಮರಳು. "ಮಣ್ಣು ಅವ್ವ! ಮಣ್ಣೇ ಆತು, ನೋಡು!"

ಅವ್ವ ನನ್ನ ತಲೆ ಸವರಿದಳು. ನಕ್ಕಳು ಕೂಡ.

"ನೀನು ಮನೇವಳು" ಎಂದಳು. "ನೀನು ಹೇಳಿದ್ರೆ ನಡೆಯಲ್ಲವ್ವ."